ಅಣ್ಣ ಕದ್ದ ಹಾಸಿಗೆ

ಮಾರ್ಚ್ ೩, ಸೋಮವಾರ

ಅಣ್ಣ ನಡೆಸುವ ಆಪ್ತಸಲಹಾ ಕೇಂದ್ರದ ಹೊಸ ವೆಬ್‌ಸೈಟಿಗೆ ನನ್ನ ಬಗ್ಗೆ ಹತ್ತು ಸಾಲು ಬೇಕಂತೆ. ಬೆಳಿಗ್ಗೆ ಅಣ್ಣ ಅಲ್ಲಿನ ನನ್ನ ಕೋಣೆಯ ಬಾಗಿಲಿಗೆ ಒರಗಿ ನಿಂತು ಕೇಳಿದ.

"ನಿನ್ನ ಹಿನ್ನೆಲೆ ಏನು, ಮನಸ್ಸು ವಾಸಿ ಮಾಡೋದು ಅಂದ್ರೆ ನಿನ್ನ ಪ್ರಕಾರ ಏನು, ಇಷ್ಟೇ. ಸ್ವಲ್ಪ ಎದೆಗೆ ತಟ್ಟೋ ಹಾಗೆ ಬರಿ ಕಣೇ. ಔಷಧಿ ಚೀಟಿ ಬರೆದ ಹಾಗೆ ಬರೀಬೇಡ."

ಮಾದರಿಗೆಂದು ತನ್ನದನ್ನು ಕಳಿಸಿದ್ದಾನೆ. ಓದಿದೆ. 'ಗಾಯಗೊಂಡವನೇ ಗಾಯ ಮಾಯಿಸಬಲ್ಲ.' 'ನನ್ನ ಬಾಲ್ಯದ ಕತ್ತಲೆಯೇ ಇಂದು ನನ್ನ ಕೈಯಲ್ಲಿರುವ ದೀಪ.' ಪಾಕಕ್ಕೆ ಬಿದ್ದ ನೊಣದ ಹಾಗೆ ಒಂದೊಂದು ಪದವೂ ಅಂಟಂಟಾಗಿ ಕಾಲೆಳೆಯುತ್ತಿದೆ. ಇವನಿಗೆ ಬಾಲ್ಯದ ಕತ್ತಲೆ ಎಲ್ಲಿಂದ ಬಂತು? ಹಾಲಿನ ಕೆನೆಯೆಲ್ಲ ಇವನ ಲೋಟಕ್ಕೇ ಬೀಳುತ್ತಿತ್ತು. ಹೆತ್ತವರಿಗೆ ಹೆಗ್ಗಣವೂ ಮುದ್ದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇದ್ದ ಎರಡರಲ್ಲಿ ಒಂದು ಹೆಗ್ಗಣ ಮಾತ್ರ ಮುದ್ದು.

ನನ್ನ ತತ್ವಕ್ಕೆ ಹತ್ತು ಸಾಲು ಬೇಕಿಲ್ಲ. ಜನ ಬರುತ್ತಾರೆ, ಕೂರುತ್ತಾರೆ, ಹೇಳುತ್ತಾರೆ. ನಾನು ಕೇಳುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ನನ್ನದೇನೂ ಆ ಕೋಣೆಯೊಳಗೆ ಕಾಲಿಡಕೂಡದು. ಕನ್ನಡಿಗೆ ತನ್ನದೇ ಒಂದು ಮುಖ ಇದ್ದರೆ ನೋಡಿಕೊಳ್ಳಲು ಬಂದವರ ಗತಿ ಏನು?

ಬೆಳಿಗ್ಗೆ ಅಮ್ಮನ ಹಾಸಿಗೆ ಮತ್ತೆ ಒದ್ದೆ. ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಲ್ಲ ಬದಲಾಯಿಸಿದೆ. ಅಮ್ಮ ಗೋಡೆ ಕಡೆ ತಿರುಗಿ ನಿದ್ದೆಯ ನಾಟಕ ಹೂಡಿದ್ದಳು. ಎರಡು ಸಲ ಸೋಪು ಹಚ್ಚಿ ಕೈ ತೊಳೆದೆ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಬೆರಳಿನಲ್ಲಿ ಅದೇ ವಾಸನೆ. ಅರ್ಧಕ್ಕೇ ಎದ್ದೆ.

ಮಾರ್ಚ್ ೫, ಬುಧವಾರ

ಇವತ್ತು ಹೊಸದಾಗಿ ಒಬ್ಬಾಕೆ ಬಂದಿದ್ದರು. ಬ್ಯಾಂಕಿನಲ್ಲಿ ಕೆಲಸ. ಜೊತೆಗೆ ಎಂಟು ವರ್ಷದ ಮಗಳು. ಹುಡುಗಿ ಕುರ್ಚಿಯ ತುದಿಯಲ್ಲಿ, ಹಿಂದಕ್ಕೆ ಒರಗಿದರೆ ಕುರ್ಚಿಗೆ ಕೊಳೆಯಾಗುತ್ತದೆ ಎನ್ನುವ ಹಾಗೆ ಕೂತಿತ್ತು. ಹೆಸರು ಕೇಳಿದರೂ ಹೇಳಲಿಲ್ಲ. ತಾಯಿ "ಪುಟ್ಟಿ ಅಂತ ಕರೀತೀವಿ" ಅಂದರು.

ಪುಟ್ಟಿಗೆ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುತ್ತದೆ. ಡಾಕ್ಟರು ನೋಡಿ ದೇಹದಲ್ಲಿ ಏನೂ ತೊಂದರೆ ಇಲ್ಲ ಅಂದಿದ್ದಾರೆ. ಮಗುವನ್ನು ಹೊರಗೆ ಚಿತ್ರ ಬರೆಯಲು ಕೂರಿಸಿ ತಾಯಿಯನ್ನು ಕೇಳಿದೆ, ಮನೆಯಲ್ಲಿ ಏನು ಮಾಡುತ್ತೀರಿ ಎಂದು. ಆಕೆ ಅತ್ತರು.

"ಹೊಡೀತಿದ್ದೆ ಮೇಡಂ. ಸುಳ್ಳು ಯಾಕೆ ಹೇಳ್ಲಿ? ಈಗ ಬಿಟ್ಟಿದ್ದೀನಿ. ನಿಮ್ಮ ಸರ್ ಭಾಷಣ ಕೇಳಿದ ದಿನದಿಂದ ಕೈ ಎತ್ತಿಲ್ಲ."

"ಯಾವ ಭಾಷಣ?"

"ಅದೇ ಮೇಡಂ, ಅವರ ಚಿಕ್ಕಂದಿನದು. ಹನ್ನೊಂದು ವರ್ಷ ಆಗೋವರೆಗೂ ಹಾಸಿಗೆ ಒದ್ದೆ ಮಾಡ್ತಿದ್ರಂತೆ. ಅವರ ತಾಯಿ ಆ ಒದ್ದೆ ಬಟ್ಟೇನ ಅವರ ತಲೆ ಮೇಲೆ ಹೊರಿಸಿ ಬೀದಿ ಉದ್ದಕ್ಕೂ ನಡೆಸ್ತಿದ್ರಂತೆ. ಟೈಲರ್ ಅಂಗಡಿಯವನು ಮಿಷನ್ ನಿಲ್ಲಿಸಿ ನೋಡ್ತಿದ್ದನಂತೆ. ಎಂಥಾ ತಾಯಿ ಅಲ್ವಾ ಮೇಡಂ?"

ನಾನು ತಲೆಯಾಡಿಸಿದೆ. ಮುಂದಿನ ಬುಧವಾರ ಬನ್ನಿ ಎಂದೆ. ಆಕೆ ಹೋದ ಮೇಲೆ ಕಿಟಕಿ ತೆಗೆದು ನಿಂತೆ.

ಮಿಷನ್ ನಿಲ್ಲಿಸಿ ನೋಡುತ್ತಿದ್ದದ್ದು ನಿಜ. ನೋಡುತ್ತಿದ್ದದ್ದು ನನ್ನನ್ನು.

ಮಾರ್ಚ್ ೬, ಗುರುವಾರ

ಆ ವಿಡಿಯೋ ನೋಡಿದೆ. ಬಿಳಿ ಜುಬ್ಬಾ ಹಾಕಿ ನಿಂತಿದ್ದಾನೆ. ಸರಿಯಾದ ಜಾಗದಲ್ಲಿ ಗಂಟಲು ಕಟ್ಟುತ್ತದೆ, ಸರಿಯಾದ ಜಾಗದಲ್ಲಿ ನೀರು ಕುಡಿಯುತ್ತಾನೆ. "ಆ ತೇವ ನನ್ನ ಕೂದಲಿನಿಂದ ಕತ್ತಿಗೆ ಇಳಿಯುತ್ತಿತ್ತು" ಅನ್ನುತ್ತಾನೆ. ಕತ್ತಿಗಲ್ಲ, ಕಣ್ಣಿಗೆ. ಉರಿಯುತ್ತಿತ್ತು. ಅವನಿಗೆ ಅದು ಹೇಗೆ ಗೊತ್ತಿರಬೇಕು? ಅವನು ಮನೆಯ ಕಿಟಕಿಯಲ್ಲಿ ನಿಂತು ಹಾಲು ಕುಡಿಯುತ್ತಿದ್ದ.

ಹಣ ಕದ್ದವರನ್ನು ಕಂಡಿದ್ದೇನೆ, ಗಂಡನನ್ನು ಕದ್ದವರು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಅತ್ತಿದ್ದಾರೆ. ಒದ್ದೆ ಹಾಸಿಗೆ ಕದ್ದವನನ್ನು ಇದೇ ಮೊದಲು ನೋಡುತ್ತಿರುವುದು.

ಮಾರ್ಚ್ ೯, ಭಾನುವಾರ

ಅಣ್ಣ ಅಮ್ಮನನ್ನು ನೋಡಲು ಬಂದ. ತಿಂಗಳಿಗೊಮ್ಮೆ ಬರುತ್ತಾನೆ. ಹಣ್ಣು ತರುತ್ತಾನೆ, ಅಮ್ಮನ ಪಾದ ಒತ್ತುತ್ತಾನೆ, ಅತ್ತಿಗೆ ಅದರ ಫೋಟೋ ತೆಗೆಯುತ್ತಾಳೆ. ಹಾಸಿಗೆ ಬದಲಾಯಿಸುವ ಹೊತ್ತಿಗೆ ಇಬ್ಬರೂ ಇರುವುದಿಲ್ಲ.

ಕೇಂದ್ರಕ್ಕೆ ಹತ್ತು ವರ್ಷ ತುಂಬಿತಂತೆ. ಇಪ್ಪತ್ತಮೂರಕ್ಕೆ ದೊಡ್ಡ ಸಭಾಂಗಣದಲ್ಲಿ ಸಮಾರಂಭ. ಅವನು ತನ್ನ ಕಥೆ ಹೇಳುತ್ತಾನೆ, ಕೊನೆಯಲ್ಲಿ ಅಮ್ಮ ವೇದಿಕೆಗೆ ಬಂದು ಅವನ ತಲೆ ಸವರಬೇಕು.

ಅಡುಗೆಮನೆಗೆ ಎಳೆದುಕೊಂಡು ಹೋದೆ. "ಆ ಹಾಸಿಗೆ ಯಾರದು?"

"ಮೆಲ್ಲಗೆ ಮಾತಾಡು."

"ಯಾರದು ಅಂತ ಕೇಳ್ದೆ."

"ನಿನ್ನ ಹೆಸರು ಹೇಳಿದ್ರೆ ನಿನ್ನ ಮಾನ ಹೋಗ್ತಿತ್ತು. ನಿನ್ನ ಹತ್ರ ಬರೋ ಪೇಷೆಂಟುಗಳು ಏನಂದ್ಕೋತಾರೆ? ಅದಕ್ಕೇ ನನ್ನ ಮೇಲೆ ಹಾಕ್ಕೊಂಡೆ. ಒಂದರ್ಥದಲ್ಲಿ ತ್ಯಾಗ ಅದು."

"ತ್ಯಾಗ!"

"ಜನ ಅಳ್ತಾರೆ ಕಣೇ. ಮನೆಗೆ ಹೋಗಿ ಮಕ್ಕಳನ್ನ ಅಪ್ಕೋತಾರೆ. ಕಥೆ ಯಾರದ್ದಾದ್ರೆ ಏನು, ಗುಣ ಆದ್ರೆ ಸಾಲದಾ?"

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ. ಆದರೆ ಮಗಳ ಮೇಲೆ ಕೈ ಎತ್ತುವುದನ್ನು ಬಿಟ್ಟ ಬ್ಯಾಂಕಿನಾಕೆಯ ಮುಖ ನೆನಪಾಯಿತು. ಅವನು ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ಕೆನ್ನೆಗೆ ಬಾರಿಸಬಹುದಿತ್ತು.

"ಅಮ್ಮನ್ನ ಕರ್ಕೊಂಡು ಬರಲ್ಲ ನಾನು" ಎಂದೆ.

ಒಳಗಿನಿಂದ ಅಮ್ಮನ ದನಿ ಬಂತು. "ನಾನು ಬರ್ತೀನಿ. ನನ್ನ ಕಿವಿ ಇನ್ನೂ ಚೆನ್ನಾಗಿದೆ."

ಮಾರ್ಚ್ ೧೨, ಬುಧವಾರ

ಪುಟ್ಟಿ ಈ ಸಲವೂ ಮಾತಾಡಲಿಲ್ಲ. ಒಂದು ಮನೆಯ ಚಿತ್ರ ಬರೆಯಿತು. ಕಿಟಕಿ ಬಾಗಿಲು ಎಲ್ಲ ಇವೆ, ಮಂಚ ಮಾತ್ರ ಮನೆಯ ಹೊರಗೆ. ಕೇಳಬೇಕಾದ್ದನ್ನೆಲ್ಲ ಕೇಳಿದೆ, ಪುಸ್ತಕದಲ್ಲಿರುವ ಹಾಗೆ. ನನ್ನ ದನಿ ನನಗೇ ಆಸ್ಪತ್ರೆಯ ನೆಲ ಒರೆಸುವ ದ್ರಾವಣದ ಹಾಗೆ ನಾರಿತು.

ತಾಯಿ ಹೊಡೆಯುತ್ತಿಲ್ಲ. ವಾರಕ್ಕೆ ಎರಡು ದಿನ ಒಣಗಿರುತ್ತಂತೆ. ಎಲ್ಲ ಸರ್ ಕೃಪೆ ಅಂದರು. ಬಿಸಿತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಮಾರ್ಚ್ ೧೭, ಸೋಮವಾರ

ಬೆಳಿಗ್ಗೆ ಹಾಸಿಗೆ ಬದಲಾಯಿಸುವಾಗ ಅಮ್ಮ ನಿದ್ದೆಯ ನಾಟಕ ಬಿಟ್ಟು ಕೇಳಿದಳು. "ಅವನು ಅಲ್ಲಿ ಏನು ಹೇಳ್ತಾನೆ?"

ಹೇಳಬಾರದು ಎಂದುಕೊಂಡಿದ್ದೆ. ಹೇಳಿಬಿಟ್ಟೆ. "ಅವನು ಹಾಸಿಗೆ ಒದ್ದೆ ಮಾಡ್ತಿದ್ದ ಅಂತ. ನೀನು ಆ ಬಟ್ಟೇನ ಅವನ ತಲೆ ಮೇಲೆ ಹೊರಿಸ್ತಿದ್ದೆ ಅಂತ."

ಅಮ್ಮ ನನ್ನನ್ನೇ ನೋಡಿದಳು. "ಅವನಾ?"

"ಹೂಂ. ಅವನೇ."

ಆಮೇಲೆ ಬಾಚಣಿಗೆ ಕೇಳಿದಳು. ಕೊಟ್ಟೆ.

ಅವಳಿಗೆ ನೆನಪಿದೆ. ಮರೆತಿರಬಹುದು ಎಂದು ಇಷ್ಟು ವರ್ಷ ನಾನೇ ಸಮಾಧಾನ ಮಾಡಿಕೊಂಡಿದ್ದೆ. ಮರೆತಿಲ್ಲ, ಯಾರೆಂದೂ ಮರೆತಿಲ್ಲ. ಹಾಗಾದರೆ ಅಲ್ಲಿ, ಮೈಕಿನ ಮುಂದೆ, ಹೇಳುತ್ತಾಳೆ. ಹೇಳಿಯೇ ಹೇಳುತ್ತಾಳೆ. ಅಮ್ಮನ ನಾಲಿಗೆ ಯಾರ ಮುಲಾಜನ್ನೂ ನೋಡಿದ್ದಲ್ಲ.

ಸಮಾರಂಭಕ್ಕೆಂದು ಅವಳಿಗೆ ಹೊಸ ಚಪ್ಪಲಿ ತಂದೆ. ನನಗೆ ನಾಚಿಕೆಯಾಗಬೇಕು, ನಲವತ್ತಾರು ವರ್ಷದ ಹೆಂಗಸು ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹಾಗೆ ಭಾನುವಾರಕ್ಕೆ ಕಾಯುತ್ತಿದ್ದೇನೆ.

ಮಾರ್ಚ್ ೨೩, ಭಾನುವಾರ

ಸಭಾಂಗಣ ತುಂಬಿತ್ತು. ಎರಡೂ ಬದಿಯ ಗೋಡೆಗೆ ಆತುಕೊಂಡು ಜನ ನಿಂತಿದ್ದರು. ಎಲ್ಲೆಲ್ಲೂ ಅಗ್ಗದ ಸೆಂಟಿನ ವಾಸನೆ. ಪ್ರತಿ ಕುರ್ಚಿಯ ಮೇಲೆ ಒಂದು ಪುಟ್ಟ ಕಾಗದದ ಕರವಸ್ತ್ರದ ಪೊಟ್ಟಣ. ಅಳುವವರಿಗೆ. ಇದು ಅತ್ತಿಗೆಯ ಯೋಚನೆಯಂತೆ. ಸಿನಿಮಾ ಶುರುವಾಗುವ ಮುಂಚೆ ಕಡಲೆಕಾಯಿ ಮಾರುವ ಹಾಗೆ.

ಅಮ್ಮನನ್ನು ಮೊದಲ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತೆ. ಅವಳ ಮಡಿಲಿಗೆ ಶಾಲು ಹೊದಿಸಿದ್ದೆ, ದಪ್ಪ ಪ್ಯಾಡ್ ಹಾಕಿದ್ದರೂ ಭಯ.

ಅಣ್ಣ ಹೇಳಿದ. ಇವತ್ತು ಇನ್ನಷ್ಟು ಸೇರಿಸಿದ. ಮಳೆ ಸೇರಿಸಿದ, ಬರಿಗಾಲು ಸೇರಿಸಿದ. "ಆದರೆ ಇವತ್ತು ನನಗೆ ಆ ತಾಯಿಯ ಮೇಲೆ ಸಿಟ್ಟಿಲ್ಲ. ಅವಳು ಇಲ್ಲೇ ಇದ್ದಾಳೆ" ಅಂದ. ಜನ ಉಸಿರು ಬಿಗಿಹಿಡಿದರು. ಇಬ್ಬರು ಬಂದು ಅಮ್ಮನನ್ನು ಮೇಲೆ ಕರೆದೊಯ್ದರು. ಅಣ್ಣ ಅವಳ ಕಾಲ ಬಳಿ ಕೂತ. ಯಾರೋ ಅವಳ ಬಾಯಿಗೆ ಮೈಕ್ ಹಿಡಿದರು.

ಅಮ್ಮ ಸಭೆಯನ್ನು ನೋಡಿದಳು. ಕೆಳಗೆ ನನ್ನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆನೋ ಏನೋ.

ಆಮೇಲೆ ಅಣ್ಣನ ತಲೆಯ ಮೇಲೆ ಕೈ ಇಟ್ಟಳು. "ತಪ್ಪಾಯ್ತು ಮಗನೇ" ಅಂದಳು. "ನಾನು ಹಾಗೆ ಮಾಡಬಾರದಿತ್ತು. ನೀನು ಚಿಕ್ಕ ಮಗು. ನನ್ನ ಕ್ಷಮಿಸಿಬಿಡು."

ಇಡೀ ಸಭಾಂಗಣ ಮೂಗು ಒರೆಸಿಕೊಂಡಿತು. ನನ್ನ ಹಿಂದೆ ಕೂತ ಬ್ಯಾಂಕಿನಾಕೆ ನನ್ನ ಭುಜ ಹಿಡಿದು ಬಿಕ್ಕಿದರು. ನಾನು ಎದ್ದು ಟಾಯ್ಲೆಟ್ಟಿಗೆ ಹೋಗಿ ವಾಂತಿ ಮಾಡಿದೆ. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹಳದಿ ಕಹಿ ಮಾತ್ರ ಬಂತು. ಹೊರಗೆ ಚಪ್ಪಾಳೆ ಕೇಳುತ್ತಿತ್ತು.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನನ್ನದು ಕೈಗೂ ಬರಲಿಲ್ಲ. ನನ್ನ ಕಣ್ಣೆದುರೇ ಅವನ ಬಾಯಿಗೆ ಹೋಯಿತು.

ಮಾರ್ಚ್ ೨೪, ಸೋಮವಾರ

ಛೀ.

ಮಾರ್ಚ್ ೨೬, ಬುಧವಾರ

ಎರಡು ದಿನ ಅಮ್ಮನ ಜೊತೆ ಮಾತಿಲ್ಲ. ಆಯಾ ಬಂದು ಊಟ ಕೊಟ್ಟಳು, ಸ್ನಾನ ಮಾಡಿಸಿದಳು. ಬೆಳಗಿನ ಹಾಸಿಗೆ ಮಾತ್ರ ನಾನೇ ಬದಲಾಯಿಸಬೇಕು, ಆಯಾ ಬರುವುದು ಒಂಬತ್ತಕ್ಕೆ. ಕೈಗವಸು ಮುಗಿದಿವೆ, ತರಬೇಕು.

ಇವತ್ತು ತಡೆಯಲಾಗಲಿಲ್ಲ. ಬಟ್ಟೆ ಎಳೆಯುತ್ತ ಕೇಳಿದೆ. "ಅವನಿಗೆ ಯಾಕೆ ತಪ್ಪಾಯ್ತು ಅಂದೆ?"

"ಅಷ್ಟು ಜನದ ಮುಂದೆ ಅವನ ಮರ್ಯಾದೆ ತೆಗೀಲಾ?"

"ನನ್ನ ಮರ್ಯಾದೆ ಬೀದಿ ತುಂಬ ತೆಗೆದಿದ್ದೆಯಲ್ಲ, ಆಗ?"

ಅಮ್ಮ ಗೋಡೆ ಕಡೆ ತಿರುಗಿದಳು.

"ಸರಿ, ಇಲ್ಲಿ ಯಾರೂ ಇಲ್ಲ. ಆ ಮಾತನ್ನ ಈಗ ನನಗೆ ಹೇಳು ನೋಡೋಣ."

ಅಮ್ಮ ಬಾಯಿ ತೆರೆದಳು. ಮುಖ ಕೆಂಪಾಯಿತು. ಮಾತು ಬರಲಿಲ್ಲ. ಅವಳು ನಿಜವಾಗಿ ಪ್ರಯತ್ನಿಸುತ್ತಿದ್ದಳು, ನಾನು ಸುಳ್ಳು ಬರೆಯುವುದಿಲ್ಲ.

ಕೊನೆಗೆ ಅಂದಳು, "ಅಲ್ಲಿ ಸುಲಭ ಇತ್ತು ಕಣೇ. ಅವನಿಗೆ ನಾನು ಏನೂ ಮಾಡಿರಲಿಲ್ಲವಲ್ಲ."

ಒದ್ದೆ ಬಟ್ಟೆ ಎದೆಗೆ ಅವುಚಿಕೊಂಡು ನಿಂತೇ ಇದ್ದೆ. ಸೀರೆಗೆ ತೇವ ತಾಗಿದ್ದು ಆಮೇಲೆ ಗೊತ್ತಾಯಿತು.

ಏಪ್ರಿಲ್ ೨, ಬುಧವಾರ

ಇವತ್ತು ನನ್ನ ನಿಯಮ ಮುರಿದೆ. ಬರೆದಿಡುತ್ತೇನೆ, ಏಕೆಂದರೆ ಇನ್ನೊಮ್ಮೆ ಹಾಗೆ ಮಾಡುವ ಮುಂಚೆ ಯೋಚಿಸಬೇಕು.

ಪುಟ್ಟಿ ಒಳಗೆ ಬಂದಾಗ ಅದರ ಮುಖ ಬಾಡಿತ್ತು. ವಾರವೆಲ್ಲ ಒದ್ದೆಯಂತೆ. ತಾಯಿ ಹೊಡೆಯಲಿಲ್ಲ, ಆದರೆ ಪ್ರತಿದಿನ ಬೆಳಿಗ್ಗೆ ಸರ್ ಕಥೆ ಹೇಳಿ ಅಳುತ್ತಾರಂತೆ. ಹೊಡೆತವೇ ವಾಸಿ ಅನ್ನಿಸಿರಬೇಕು ಮಗುವಿಗೆ. ಅದು ಕುರ್ಚಿಯ ತುದಿಯಲ್ಲಿ ಕೂತು, ಮೊದಲ ಸಲ ತಾನಾಗಿ ಬಾಯಿ ಬಿಟ್ಟಿತು.

"ನಾನು ಗಲೀಜು."

ಇಂಥ ಮಾತಿಗೆ ಏನು ಹೇಳಬೇಕೆಂದು ನನಗೆ ಗೊತ್ತು. ಇಪ್ಪತ್ತು ವರ್ಷ ಹೇಳಿದ್ದೇನೆ. 'ನಿನಗೆ ಹಾಗೆ ಅನ್ನಿಸೋದು ಯಾವಾಗ?' ಎಂದು ಕೇಳಬೇಕು. ಅದರ ಬದಲು ನನ್ನ ಬಾಯಿಂದ ಬಂದದ್ದು ಬೇರೆ.

"ನಾನೂ ಮಾಡ್ತಿದ್ದೆ."

ಪುಟ್ಟಿ ತಲೆಯೆತ್ತಿತು. "ಏನು?"

"ಹಾಸಿಗೆ ಒದ್ದೆ. ಹನ್ನೊಂದು ವರ್ಷದವರೆಗೆ."

"ನೀವಾ?"

"ನಾನೇ."

ಅದು ನನ್ನನ್ನು ಮೇಲಿಂದ ಕೆಳಗೆ ನೋಡಿತು, ನನ್ನ ಕುರ್ಚಿಯನ್ನೂ ನೋಡಿತು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿತು. "ಆ ಸರ್ ಕೂಡ ಮಾಡ್ತಿದ್ರಂತಲ್ಲ. ನಿಮ್ಮನೇಲಿ ಎಲ್ಲರೂ ಮಾಡ್ತಿದ್ರಾ?"

ನಗು ಎಲ್ಲಿತ್ತೋ, ಒಂದೇ ಸಮನೆ ನುಗ್ಗಿ ಬಂತು. ಮೇಜು ಹಿಡಿದುಕೊಂಡು ನಕ್ಕೆ. ಪುಟ್ಟಿಯೂ ನಕ್ಕಿತು. ನಗುತ್ತ ನಗುತ್ತ ಕುರ್ಚಿಗೆ ಹಿಂದಕ್ಕೆ ಒರಗಿತು.

"ಆಮೇಲೆ ಹೇಗೆ ನಿಲ್ತು?"

"ಗೊತ್ತಿಲ್ಲ ಪುಟ್ಟಿ. ಒಂದು ದಿನ ನಿಲ್ತು. ನಾನೇನೂ ಮಾಡ್ಲಿಲ್ಲ."

"ಅಷ್ಟು ದಿನ ಏನು ಮಾಡ್ತಿದ್ರಿ?"

"ಬಟ್ಟೆ ಒಗೀತಿದ್ದೆ."

ಇದು ಅದಕ್ಕೆ ತೀರ ಸರಿಯಾದ ಉತ್ತರ ಅನ್ನಿಸಿತು. ಹಾಗಾದರೆ ತನಗೂ ವಾಷಿಂಗ್ ಮಿಷನ್ ಹಾಕುವುದು ಕಲಿಸಬೇಕೆಂದು ತಾಯಿಗೆ ಹೇಳಿ ಅಂತು. ತಾಯಿಯನ್ನು ಕರೆದು ಹೇಳಿದೆ. ಬೆಳಗಿನ ಕಥೆಯನ್ನೂ ಕಣ್ಣೀರನ್ನೂ ನಿಲ್ಲಿಸಿ ಎಂದೂ ಹೇಳಿದೆ. ಆಕೆಗೆ ಸ್ವಲ್ಪ ಬೇಸರವಾಯಿತು. ಆಗಲಿ.

ಕೈಗವಸು ತರುವುದು ಇವತ್ತೂ ಮರೆತುಹೋಯಿತು.

ಏಪ್ರಿಲ್ ೪, ಶುಕ್ರವಾರ

ಅಣ್ಣನ ಕೋಣೆಗೆ ಹೋದೆ. ಗೋಡೆ ತುಂಬ ಅವನೂ ಅಮ್ಮನೂ ಇರುವ ಹೊಸ ಫೋಟೋ. ಚೌಕಟ್ಟು ಹಾಕಿಸಿ ಆಗಲೇ ತೂಗುಹಾಕಿದ್ದಾನೆ.

ಪುಟ್ಟಿ ಕೇಳಿದ ಪ್ರಶ್ನೆಯನ್ನು ಹೇಳಿದೆ. ಅವನು ನಗಲಿಲ್ಲ. "ಪೇಷೆಂಟ್ ಹತ್ರ ನಿನ್ನದು ಅಂತ ಹೇಳಿದ್ಯಾ? ನಾಳೆ ಯಾರಾದ್ರೂ ನನ್ನನ್ನ ಕೇಳಿದ್ರೆ?"

"ಕೇಳಲಿ. ನಾನಂತೂ ಇನ್ನು ಮುಂದೆ ಕೇಳಿದವರಿಗೆಲ್ಲ ಹೇಳ್ತೀನಿ. ಆ ವಿಡಿಯೋ ತೆಗಿ."

"ನನಗೂ ಒಂದು ನೋವು ಇರಬಾರದಾ?" ಅಂದ. ದನಿ ವೇದಿಕೆಯದಾಗಿರಲಿಲ್ಲ. "ಆ ಮನೇಲಿ ನಾನೂ ಇದ್ದೆ."

"ಇದ್ದೆ. ಕಿಟಕೀಲಿ."

ಅವನು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತ. "ನಾನು ನಗ್ತಿದ್ದೆ. ನಿಂಗೆ ಕಾಣಿಸ್ತಿತ್ತಾ?"

"ಕಾಣಿಸ್ತಿತ್ತು."

"ಅಮ್ಮ ನನ್ನ ಕಡೆ ನೋಡಿ ನಗೋಳು. ನಾನು ನಗದಿದ್ರೆ ಮುಂದಿನ ಸರದಿ ನಂದು ಅಂತ ಭಯ. ಆಮೇಲಾಮೇಲೆ ಭಯ ಹೋಗಿ, ನಗೋದಕ್ಕೆ ನಿಜವಾಗ್ಲೂ ಖುಷಿ ಆಗ್ತಿತ್ತು. ಅದನ್ನ ಮೈಕ್ ಹಿಡ್ಕೊಂಡು ಹೇಗೆ ಹೇಳ್ಲಿ?"

ಕನಿಕರ ಬರಬೇಕಿತ್ತು. ಬರಲಿಲ್ಲ. ಜಿಗುಪ್ಸೆಯೂ ಆಯಿತು, ಇವನು ಮೊದಲ ಸಲ ನಿಜ ಹೇಳುತ್ತಿದ್ದಾನೆ ಎಂದೂ ತಿಳಿಯಿತು. ಎರಡೂ ಒಟ್ಟಿಗೇ.

"ಅದೇ ನಿನ್ನ ಕಥೆ. ಹೇಳೋದಾದ್ರೆ ಅದನ್ನ ಹೇಳು. ನನ್ನದು ನನಗೆ ಬಿಡು."

"ಅದಕ್ಕೆ ಯಾರು ಅಳ್ತಾರೆ?"

"ಯಾರೂ ಅಳಲ್ಲ. ನೀನೊಬ್ಬ ಅಳಬಹುದು."

"ಯೋಚನೆ ಮಾಡ್ತೀನಿ" ಅಂದ. ಸಂಜೆ ಹೊರಡುವಾಗ ನೋಡಿದೆ, ವಿಡಿಯೋ ಇತ್ತು. ಈಗ, ಇದನ್ನು ಬರೆಯುವ ಮುಂಚೆ, ಮತ್ತೆ ನೋಡಿದೆ. ಇಲ್ಲ. ತೆಗೆದಿದ್ದಾನೋ, ಮಳೆ ಬರಿಗಾಲು ಸೇರಿಸಿದ ಹೊಸದನ್ನು ಹಾಕಲಿದ್ದಾನೋ, ಅವನಿಗೇ ಗೊತ್ತು.

ಏಪ್ರಿಲ್ ೬, ಭಾನುವಾರ

ಬೆಳಿಗ್ಗೆ ಅಮ್ಮ ನನಗಿಂತ ಮುಂಚೆ ಎದ್ದು, ಮಂಚದ ಅಂಚು ಹಿಡಿದು, ತಾನೇ ಬಟ್ಟೆ ಎಳೆಯಲು ನೋಡುತ್ತಿದ್ದಳು. ಆಗುತ್ತಿರಲಿಲ್ಲ. ಅವಳನ್ನು ಕುರ್ಚಿಗೆ ಕೂರಿಸಿ, ಮೈ ಒರೆಸಿ, ಒಣ ಬಟ್ಟೆ ಉಡಿಸಿದೆ.

"ಒಂದು ಮಾತು ಕೇಳ್ತೀನಿ" ಎಂದೆ. "ಯಾಕೆ ಹಾಗೆ ಮಾಡ್ತಿದ್ದೆ?"

ಬೈದುಬಿಡುತ್ತಾಳೆ ಎಂದುಕೊಂಡೆ. ಅವಳು ಯೋಚಿಸಿ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದಳು. "ಅಸಹ್ಯ ಆಗ್ತಿತ್ತು."

"ವಾಸನೆಗಾ?"

"ನಿನ್ನ ಮೇಲೇ ಆಗ್ತಿತ್ತು. ಹೆತ್ತ ಮಗು ಮೇಲೆ ಅಸಹ್ಯ ಪಡ್ತೀನಲ್ಲ ಅಂತ ಇನ್ನೂ ಸಿಟ್ಟು ಬರೋದು. ಆ ಸಿಟ್ಟೂ ನಿನ್ನ ಮೇಲೇ."

ನಾನು ಪ್ಲಾಸ್ಟಿಕ್ ಹಾಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಒರೆಸಿದೆ.

"ಈಗ ನಿನಗೆ ನನ್ನ ಮೇಲೆ ಆಗಲ್ವಾ?" ಅಮ್ಮ ಕೇಳಿದಳು.

"ಆಗುತ್ತೆ."

"ದಿನಾನಾ?"

"ದಿನಾ ಆಗುತ್ತೆ ಅಮ್ಮ."

"ಮತ್ತೆ?"

"ಮತ್ತೇನು? ಆಗುತ್ತೆ. ಆದ್ರೂ ಬದಲಾಯಿಸ್ತೀನಿ."

"ಅಷ್ಟೇನಾ?"

"ಅಷ್ಟೇ."

ಅಮ್ಮ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಅಷ್ಟು ನನ್ನ ಕೈಲೂ ಆಗ್ತಿತ್ತು" ಅಂದಳು. "ಮಾಡ್ಲಿಲ್ಲ ನಾನು."

ನಾನು ಹಾಸಿಗೆಯ ಆಚೆ ಬದಿಯ ಮೂಲೆ ಸಿಕ್ಕಿಸುತ್ತಿದ್ದೆ, ಅವಳಿಗೆ ಬೆನ್ನು ಮಾಡಿ. ತಿರುಗಲಿಲ್ಲ. ಇನ್ನೊಮ್ಮೆ ಹೇಳು ಎನ್ನಲಿಲ್ಲ. ಆ ಮೂಲೆ ಮುಗಿಸಿ ಈ ಮೂಲೆಗೆ ಬಂದೆ.

ಸಂಜೆ ಹೊರಗೆ ಹೋಗಿದ್ದೆ, ಕೈಗವಸು ತರಲಿಲ್ಲ, ಹಸಿ ಬಟಾಣಿ ತಂದೆ. ಅಮ್ಮ ಕೂತು ಅಷ್ಟನ್ನೂ ಸುಲಿದಳು.